ಆ ಭಾನುವಾರದ ಎಂಟು ಗಂಟೆ ಸುದ್ದಿ

ಶ್ಯಾಂಟಿಲಿ, ವರ್ಜೀನಿಯಾ
ಅಕ್ಟೋಬರ್ ೪, ೨೦೨೧

ಬದರಿ,

ಕೈಬರಹ ನೋಡಿದ ತಕ್ಷಣ ಕಾಗದ ಹರಿದು ಹಾಕ್ಬೇಡ ಮಾರಾಯ. ಅರವತ್ತು ವರ್ಷದಲ್ಲಿ ನಾನು ನಿನಗೆ ಬರೀತಿರೋದು ಇದೇ ಮೊದಲು. ಅಟ್ಲಾಂಟಾದ ಕನ್ನಡ ಸಮ್ಮೇಳನದಲ್ಲಿ, ಊಟದ ಸಾಲಿನಲ್ಲಿ ನನ್ನ ಮುಖ ನೋಡಿ ನೀನು ತಟ್ಟೆ ಅಲ್ಲೇ ಇಟ್ಟು ಹೊರಟುಹೋದೆಯಲ್ಲ, ಆವತ್ತೇ ಹಿಂದೆ ಓಡಿ ಬಂದು ಮಾತಾಡ್ಬೇಕಿತ್ತು. ಧೈರ್ಯ ಸಾಲಲಿಲ್ಲ.

ಬೇಸ್‌ಮೆಂಟ್ ಕ್ಲೀನ್ ಮಾಡುವಾಗ ಮೊಮ್ಮಗಳು ಇಶಾಗೆ ನನ್ನ ಹಳೇ ಟೇಪಿನ ರೀಲುಗಳು ಸಿಕ್ಕಿವೆ. ಲೀಡ್ಸ್‌ನಲ್ಲಿ ನಾವಿಬ್ಬರೂ ಹೊಸ ಡಾಕ್ಟರುಗಳಾಗಿ ಒಂದೇ ರೂಮಿನಲ್ಲಿದ್ದಾಗ ನಾನೊಂದು ರೆಕಾರ್ಡರ್ ತಂದಿದ್ದೆ. ಬಿಬಿಸಿ ರೇಡಿಯೋದ ಒಂದಿಡೀ ದಿನ, ಬೆಳಗಿನ ಮೊದಲ ಮಾತಿಂದ ಸ್ಟೇಷನ್ ಮುಚ್ಚೋವರೆಗೆ, ಹಿಡಿದು ಮೈಸೂರಿಗೆ ಅಪ್ಪನಿಗೆ ಕಳಿಸ್ಬೇಕು ಅನ್ನೋ ಹುಚ್ಚು. ಹಿಡಿದದ್ದು ೧೯೬೧ರ ಮಾರ್ಚ್ ೨೬, ಭಾನುವಾರ. ಯಾವ ಭಾನುವಾರ ಅಂತ ನಿನಗೆ ಹೇಳ್ಬೇಕಾಗಿಲ್ಲ. ಆಮೇಲೆ ಆ ರೀಲುಗಳನ್ನ ನಾನು ಕಳಿಸಲೂ ಇಲ್ಲ, ಕೇಳಲೂ ಇಲ್ಲ, ಎಸೆಯಲೂ ಇಲ್ಲ.

ಆ ಬೆಳಿಗ್ಗೆ ಇಂಗ್ಲೆಂಡಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋಗಿದ್ದವು. ಊರಿಂದ ಬಂದು ಐದು ತಿಂಗಳಾಗಿದ್ದ ನಮಗೆ, ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸೋ ಜನ ಇದ್ದಾರೆ ಅನ್ನೋದೇ ಗೊತ್ತಿರಲಿಲ್ಲ. ಹಿಂದಿನ ಸಂಜೆ ಮನೆಯೊಡತಿ ನನಗೆ ಹೇಳಿದಳು, ನೀನು ವಾರ್ಡಿನಲ್ಲಿದ್ದೆ. ಮಾರನೇ ದಿನ ಒಂಬತ್ತಕ್ಕೆ ನಿನ್ನ ಡ್ಯೂಟಿ, ನೀನು ಹೋದದ್ದು ಹತ್ತಕ್ಕೆ. ಡಾಕ್ಟರಿಲ್ಲದ ಆ ಒಂದು ಗಂಟೆಯಲ್ಲಿ ಬಸ್ ಕಂಡಕ್ಟರ್ ಒಬ್ಬ ಎದೆನೋವಿನಿಂದ ಸತ್ತ. ವಿಚಾರಣೆಯಲ್ಲಿ ನಾನು, 'ಗಡಿಯಾರ ಮುಂದಿಡು ಅಂತ ಬೆಳಿಗ್ಗೆಯೇ ಹೇಳಿದ್ದೆ' ಅಂದೆ. ನೀನು, 'ಹೇಳಲೇ ಇಲ್ಲ' ಅಂದೆ. ಅವರು ನನ್ನ ನಂಬಿದರು.

ಈಗ ಕೇಳು. ರೇಡಿಯೋದ ಸ್ಪೀಕರ್ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೆ, ಹಾಗಾಗಿ ರೂಮಿನ ಸದ್ದೂ ಬಿದ್ದಿದೆ. ಇಶಾ ಬರೆದು ತೋರಿಸ್ತಾಳೆ, 'ಅಜ್ಜ, ನ್ಯೂಸ್ ಹಿಂದೆ ಯಾರೋ ಬದರಿ ಅಂತಾರೆ, ಕನ್ನಡ ಮಾತಾಡ್ತಾರೆ, ತುಂಬಾ ಫಾಸ್ಟ್, ಐ ಡೋಂಟ್ ಗೆಟ್ ಇಟ್.' ಅವಳ ಕನ್ನಡ ಅಷ್ಟೇ. ನನ್ನ ಕಿವಿ ನಾಲ್ಕು ವರ್ಷದ ಹಿಂದೆ ಪೂರ್ತಿ ಹೋಯ್ತು, ಮಿಷನ್ ಹಾಕಿದ್ರೂ ಗೊರಗೊರ ಅನ್ನುತ್ತೆ ಅಷ್ಟೇ.

ನೀನು ಕೇಳಿ ಹೇಳ್ಬೇಕು. ನಾನು ಹೇಳಿದ್ನಾ, ಇಲ್ವಾ? ಜನವರಿಯಲ್ಲಿ ನನ್ನ ಹೃದಯದ ಕವಾಟ ಬದಲಾಯಿಸ್ತಾರೆ. ಎಂಬತ್ತಾರು ವರ್ಷ ನನಗೆ. ಅದಕ್ಕೆ ಮುಂಚೆ ಗೊತ್ತಾಗ್ಬೇಕು.

ನಿನ್ನ,
ನಾಣಿ

ಸುವಾನಿ, ಜಾರ್ಜಿಯಾ
ಅಕ್ಟೋಬರ್ ೧೨, ೨೦೨೧

ಡಾ. ಸತ್ಯನಾರಾಯಣ ಅವರಿಗೆ,

ತಮ್ಮ ಪತ್ರ ತಲುಪಿತು. ತಮ್ಮ ಶ್ರವಣಶಕ್ತಿ ಹೋಗಿರುವುದು ತಿಳಿದು ವಿಷಾದವಾಯಿತು. ತಾವು

ಥೂ, ನಿನಗೆ ತಾವು ಗೀವು ಅಂತ ಬರೆಯೋಕೆ ಕೈಯೇ ಓಡ್ತಿಲ್ಲ. ಎಷ್ಟೋ ಕೊಬ್ಬು ನಿನಗೆ ನಾಣಿ? ಅರವತ್ತು ವರ್ಷ ಬೇಸ್‌ಮೆಂಟಿನಲ್ಲಿ ಮುಚ್ಚಿಟ್ಟು, ಈಗ ಎದೆ ಕುಟುಕೋಕೆ ಶುರುವಾದ ಮೇಲೆ ನನ್ನ ಕಿವಿ ಬೇಕಾಯ್ತಾ?

ನಿನ್ನ ಒಂದು ಮಾತು ನಂಬಿ ಅವರು ನನ್ನ ಕೆಲಸ ಕಿತ್ತುಕೊಂಡರು. ಒಂದು ಶಿಫಾರಸು ಪತ್ರ ಕೂಡ ಕೊಡಲಿಲ್ಲ. ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ತಲೆ ತಗ್ಗಿಸಿ ಉಂಡೆ. ಹತ್ತು ವರ್ಷದ ಮೇಲೆ ಈ ದೇಶಕ್ಕೆ ಬಂದಾಗ ಪೆಥಾಲಜಿ ತಗೊಂಡೆ. ಯಾಕೆ ಗೊತ್ತಾ? ನಾನು ಲೇಟಾಗಿ ಬಂದೆ ಅಂತ ಗಾಜಿನ ಸ್ಲೈಡ್ ಸಾಯಲ್ಲ. ರಿಟೈರ್ ಆಗೋವರೆಗೆ ಬದುಕಿರೋ ಒಬ್ಬನ ನಾಡಿ ಹಿಡೀಲಿಲ್ಲ ನಾನು. ನೀನು ಹಾರ್ಟ್ ಸ್ಪೆಷಲಿಸ್ಟ್ ಆಗಿ ಸಾವಿರಾರು ಜನರ ಎದೆ ತಟ್ಟಿ ನೋಡಿದೆ. ನಿನ್ನ ಹೆಸರು ಸಮ್ಮೇಳನದ ಪುಸ್ತಕದಲ್ಲಿ ಅಚ್ಚಾದಾಗೆಲ್ಲ ನಾನು ಆ ಪುಟ ಮಡಿಸಿ ಇಡ್ತಿದ್ದೆ.

ನಿನ್ನ ಮಗ ಅಭಿನವ ಚೆನ್ನಾಗಿ ಕನ್ನಡ ಮಾತಾಡ್ತಾನಂತೆ. ಅವನಿಗೆ ಕೇಳಿಸು. ನೀನು ನನಗೆ ಹೇಳಲಿಲ್ಲ, ಅದು ನನಗೆ ಗೊತ್ತು, ಗೊತ್ತಿರೋದಕ್ಕೆ ಟೇಪ್ ಯಾತಕ್ಕೆ? ನನ್ನ ತಂಟೆಗೆ ಬರಬೇಡ.

ಬದರಿನಾಥ

ಶ್ಯಾಂಟಿಲಿ
ಅಕ್ಟೋಬರ್ ೨೫, ೨೦೨೧

ಬದರಿ,

ಬೈದೆಯಲ್ಲ, ಸಂತೋಷ. ಬೈಯೋನು ಕಾಗದ ಓದಿರ್ತಾನೆ.

ಅಭಿನವನಿಗೆ ಯಾಕೆ ಕೇಳಿಸಲ್ಲ ಅಂದ್ರೆ, ಅವನು ನನ್ನ ಮಗ. ಟೇಪಿನಲ್ಲಿ ಏನೇ ಇರಲಿ, 'ಹೇಳಿದ್ದೀಯಪ್ಪ, ನಿಶ್ಚಿಂತೆಯಾಗಿ ಆಪರೇಷನ್ ಮಾಡಿಸ್ಕೋ' ಅಂತ ಬರೆದು ತೋರಿಸ್ತಾನೆ. ನನ್ನ ಮೇಲೆ ಪ್ರೀತಿ ಇರೋ ಯಾರನ್ನೂ ಈ ವಿಷಯದಲ್ಲಿ ನಂಬೋ ಹಾಗಿಲ್ಲ. ನನಗೆ ಸಮಾಧಾನ ಹೇಳೋ ಆಸೆ ಒಂಚೂರೂ ಇಲ್ಲದಿರೋನು ಈ ದೇಶದಲ್ಲಿ ನೀನೊಬ್ಬನೇ.

ನಿಜ ಹೇಳ್ಲಾ? ವಿಚಾರಣೆ ದಿನ ಮೇಜಿನ ಆಚೆ ಮೂರು ಜನ ಕೂತಿದ್ರು. 'ನೀನು ಅವನಿಗೆ ಹೇಳಿದೆಯಾ?' ಅಂದ್ರು. ಹೌದು ಅಂತ ಬಾಯಿಂದ ಬಂತು. ನೆನಪಿಂದ ಬಂತೋ, ನನ್ನ ಕೆಲಸವೂ ಹೋಗುತ್ತೆ ಅನ್ನೋ ಭಯದಿಂದ ಬಂತೋ, ಆವತ್ತೇ ಸರಿಯಾಗಿ ಗೊತ್ತಾಗಲಿಲ್ಲ. ಆಮೇಲೆ ಎಷ್ಟೋ ಜನಕ್ಕೆ ಎಷ್ಟೋ ಸಲ ಅದನ್ನೇ ಹೇಳಿ ಹೇಳಿ, ಈಗ ಹಾಗೆ ಹೇಳ್ತಿದ್ದದ್ದು ಮಾತ್ರ ನೆನಪಿದೆ, ಆ ಬೆಳಿಗ್ಗೆ ನೆನಪಿಲ್ಲ. ನನ್ನ ಹೆಂಡತಿ ಸುಶೀಲಾ ಹೋಗೋ ವರ್ಷ ಒಂದು ಸಲ ಕೇಳಿದಳು, 'ರೀ, ನಿಜವಾಗ್ಲೂ ಹೇಳಿದ್ರಾ?' ಅಂತ. ನಾನು ಎದ್ದು ಹೊರಗೆ ಹೋಗಿ ಗಿಡಕ್ಕೆ ನೀರು ಹಾಕ್ದೆ.

ಇದರ ಜೊತೆ ಪೆನ್ ಡ್ರೈವ್ ಇದೆ, ರೀಲುಗಳನ್ನ ಇಶಾ ಅದಕ್ಕೆ ಹಾಕಿಸಿದ್ದಾಳೆ, ಏಳು ಫೈಲು. ಮೊದಲನೇದರಲ್ಲಿ ಎಂಟು ಗಂಟೆಗೆ ಆರು ಸಲ ಪಿಪ್ ಅನ್ನುತ್ತೆ, ಆಮೇಲೆ ಸುದ್ದಿ. ಇಶಾ ಹೇಳಿದ ಮಾತು ಆ ಸುದ್ದಿಯ ಹಿಂದೆಯೇ ಇದೆ. ಸುದ್ದಿ ಮುಗಿಯೋ ಮುಂಚೆ ನಾನು ರೀಲನ್ನ ಓಡೋಕೆ ಬಿಟ್ಟು ನನ್ನ ವಾರ್ಡಿಗೆ ಹೋದೆ. ಒಂಬತ್ತೂವರೆಗೆ ರೀಲ್ ತಿರುಗಿಸೋಕೆ ಓಡಿ ಬಂದಾಗ ನೀನು ಆರಾಮಾಗಿ ಶೇವ್ ಮಾಡ್ಕೊಳ್ತಿದ್ದೆ, ನಿನ್ನ ಗಡಿಯಾರ ಎಂಟೂವರೆ ತೋರಿಸ್ತಿತ್ತು. ನಾನು ಕೂಗಿಕೊಂಡ ಮೇಲೆ ನೀನು ಓಡಿದೆ, ವಾರ್ಡ್ ಮುಟ್ಟುವಷ್ಟರಲ್ಲಿ ಹತ್ತು. ಅಷ್ಟು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಇದ್ದದ್ದು ಇದ್ದ ಹಾಗೆ ಬರಿ. ಇ-ಮೇಲ್ ಬೇಡ, ನನ್ನದನ್ನ ಅಭಿನವ ನೋಡ್ತಾನೆ.

ನಾಣಿ

ಸುವಾನಿ
ನವೆಂಬರ್ ೨೦, ೨೦೨೧

ನಾಣಿ,

ನಿನ್ನ ಪೆನ್ ಡ್ರೈವ್ ಎರಡು ವಾರ ಅಡಿಗೆಮನೆ ಡ್ರಾಯರಿನಲ್ಲಿ ಬಿದ್ದಿತ್ತು. ಎಸೀಬೇಕು ಅಂತಲೇ ಇದ್ದೆ. ನಾನು ಮಗಳು ಶೈಲಜಾ ಮನೆಯಲ್ಲಿರೋದು, ಅವಳು ಹಿಡ್ಕೊಂಡು 'ಇದೇನಪ್ಪ?' ಅಂದಾಗ 'ಹಳೇ ರೇಡಿಯೋ' ಅಂದುಬಿಟ್ಟೆ. ಅವಳೇ ಲ್ಯಾಪ್‌ಟಾಪಿಗೆ ಹಾಕಿ ಕಿವಿಗೆ ಹೆಡ್‌ಫೋನ್ ಇಟ್ಟು ಆಫೀಸ್ ಕಾಲ್ ಅಂತ ಹೋದಳು.

ಕೊನೇ ಫೈಲಿಂದ ಶುರು ಮಾಡಿದೆ. ಹಿಂದಿಂದ ಮುಂದಕ್ಕೆ ದಿನಕ್ಕೊಂದು. ಮೊದಲು ಮುಚ್ಚೋ ಹೊತ್ತಿನ ಹವಾಮಾನ, ಸಮುದ್ರದಲ್ಲಿರೋರಿಗೆ ಓದೋದು. ಎಷ್ಟು ಸಮಾಧಾನವಾಗಿ ಓದ್ತಾನೋ ಪುಣ್ಯಾತ್ಮ, ಬಿರುಗಾಳಿ ಅನ್ನೋದನ್ನೂ ಹಪ್ಪಳ ಎಣಿಸಿದ ಹಾಗೆ ಹೇಳ್ತಾನೆ. ಮಾರನೇ ದಿನ ಸಂಜೆಯ ಭಜನೆ, ಊರಿಗೆ ಊರೇ ಚರ್ಚಿನಲ್ಲಿ ಕೂತು ಹಾಡೋದು. ಆಮೇಲೆ ಮಧ್ಯಾಹ್ನದ ನಾಟಕ, ಯಾರೋ ಯಾರಿಗೋ ವಿಷ ಹಾಕಿದ್ದಾರೆ, ಯಾರು ಅನ್ನೋದು ನಿನ್ನ ರೀಲ್ ಮುಗಿದುಹೋಗಿ ಗೊತ್ತಾಗಲ್ಲ. ತೋಟದ ಕಾರ್ಯಕ್ರಮದಲ್ಲಿ ಮುದುಕನೊಬ್ಬ ಆಲೂಗಡ್ಡೆ ವಿಷಯಕ್ಕೆ ಜಗಳಕ್ಕೇ ನಿಲ್ತಾನೆ. ಊಟದ ಹೊತ್ತಿನ ಹಾಸ್ಯವೂ ಇದೆ. ಅದೇನು ತಮಾಷೆ ಅಂತ ಆಗ ನಮಗೆ ಅರ್ಥ ಆಗ್ತಿರಲಿಲ್ಲ, ನಿನ್ನ ನೋಡಿ ನಾನು ನಗ್ತಿದ್ದೆ, ನನ್ನ ನೋಡಿ ನೀನು. ಈಗ ಅರ್ಥ ಆಯ್ತು, ಅಂಥಾ ತಮಾಷೆಯೇನೂ ಅಲ್ಲ.

ಆದ್ರೆ ಅದಕ್ಕೂ ಮುಂಚಿನ ಫೈಲ್ ಕೇಳಬಾರದಿತ್ತು. ಜರ್ಮನಿಯಲ್ಲಿದ್ದ ಸಿಪಾಯಿಗಳಿಗೆ ಅವರ ಮನೆಯವರು ಹಾಡು ಹಾಕಿಸ್ತಿದ್ರಲ್ಲ, ಅದು. ಅದರ ನಡುವೆ ಬಾಗಿಲು ತೆಗೆದ ಸದ್ದು, ಮಂಚ ಕಿರ್ ಅಂದ ಸದ್ದು. ಅದು ನಾನು ಕಣೋ. 'ಮನೆಗೆ ಹೋಗಿ ಕಾಯಿ' ಅಂತ ಆಸ್ಪತ್ರೆಯಿಂದ ಕಳಿಸಿದ್ದರಲ್ಲ, ಆಗ. ಒಂದು ಗಂಟೆ ಇಪ್ಪತ್ತು ನಿಮಿಷ ನಾನು ಆ ರೂಮಿನಲ್ಲಿ ಕೂತಿದೀನಿ, ಮಾತಿಲ್ಲ. ನೀನು ಬರ್ತೀಯ, ರೀಲ್ ತಿರುಗಿಸ್ತೀಯ, ನೀನೂ ಮಾತಾಡಲ್ಲ. ಹಾಡು ಮಾತ್ರ. ಯಾಕೋ ರೆಕಾರ್ಡ್ ಮಾಡೋದು ನಿಲ್ಲಿಸಲಿಲ್ಲ ನೀನು? ಒಬ್ಬ ಸತ್ತಿದ್ದಾನೆ, ನಿನ್ನ ಸ್ನೇಹಿತ ಮಂಚದ ಮೇಲೆ ಕಲ್ಲಾಗಿ ಕೂತಿದ್ದಾನೆ, ನಿನಗೆ ರೀಲ್ ಹೆಚ್ಚಾಯ್ತಾ?

ಬೆಳಗಿನ ಫೈಲೊಂದು ಬಾಕಿ ಇದೆ. ಇನ್ನೂ ಮುಟ್ಟಿಲ್ಲ. ಅವಸರ ಮಾಡಬೇಡ.

ಬದರಿ

ಶ್ಯಾಂಟಿಲಿ
ಡಿಸೆಂಬರ್ ೮, ೨೦೨೧

ಬದರಿ,

ರೆಕಾರ್ಡರ್ ನಿಲ್ಲಿಸಿದ್ದರೆ ರೂಮಿನಲ್ಲಿ ನಾವಿಬ್ಬರೇ ಆಗ್ತಿದ್ವಿ. ಏನಾದ್ರೂ ಮಾತಾಡ್ಲೇಬೇಕಾಗ್ತಿತ್ತು. ಅದಕ್ಕೆ ನಿಲ್ಲಿಸಲಿಲ್ಲ. ನಾಚಿಕೆಯಾಗುತ್ತೆ, ಆದ್ರೆ ಇರೋದೇ ಅದು.

ಆಪರೇಷನ್ ಜನವರಿ ಹನ್ನೊಂದು, ಮಂಗಳವಾರ ಬೆಳಿಗ್ಗೆ. ಈ ವಯಸ್ಸಿನಲ್ಲಿ ಟೇಬಲ್ ಮೇಲೇ ಹೋಗೋರು ಎಷ್ಟು ಜನ ಅಂತ ನಾನೇ ರೋಗಿಗಳಿಗೆ ಹೇಳ್ತಿದ್ದೆ, ಈಗ ನನಗೆ ಯಾರೋ ಹೇಳಿದ್ರು. ಭಯ ಆಗ್ತಿದೆ ಕಣೋ. ಸಾಯೋದಕ್ಕಲ್ಲ, ಗೊತ್ತಾಗದೆ ಸಾಯೋದಕ್ಕೆ. ದಿನಾ ಮೇಲ್‌ಬಾಕ್ಸ್ ಹತ್ರ ಮೂರು ಸಲ ಹೋಗ್ತೀನಿ, ಎದುರುಮನೆಯೋರು ಮುದುಕನಿಗೆ ಮರೆವು ಅಂದ್ಕೊಂಡಿದ್ದಾರೆ.

ಉದ್ದ ಬರೀಬೇಡ. ಹೌದು, ಇಲ್ಲ, ಎರಡರಲ್ಲಿ ಒಂದು ಬರಿ ಸಾಕು.

ನಾಣಿ

ಸುವಾನಿ
ಡಿಸೆಂಬರ್ ೨೦, ೨೦೨೧

ಪ್ರಿಯ ಸತ್ಯನಾರಾಯಣ,

ಕ್ಷೇಮವೆಂದು ನಂಬಿದ್ದೇನೆ. ಬೆಳಗಿನ ಫೈಲನ್ನು ಪೂರ್ತಿಯಾಗಿ ಕೇಳಿದೆ. ಸುದ್ದಿಯ ನಡುವೆ ನೀವು ನನ್ನ ಹೆಸರು ಕರೆದು ಟೀ ಬೇಕೇ ಎಂದು ಕೇಳುತ್ತೀರಿ. ನಾನು ಬೇಡ ಎನ್ನುತ್ತೇನೆ. ಗಡಿಯಾರದ ಮಾತು ಎಲ್ಲಿಯೂ ಬರುವುದಿಲ್ಲ.

ನಿಮ್ಮ ಆಪರೇಷನ್ ಸುಗಮವಾಗಿ ನೆರವೇರಲಿ.

ಇತಿ,
ಬದರಿನಾಥ

ಶ್ಯಾಂಟಿಲಿ
ಡಿಸೆಂಬರ್ ೩೧, ೨೦೨೧

ಬದರಿ,

ನಿನ್ನ ಕಾಗದ ಬಂತು. ಒಂದು ಬೈಗುಳವೂ ಇಲ್ಲ, ಮರ್ಯಾದೆ ಕೊಟ್ಟು ಬರೆದಿದೀಯ. ಇಷ್ಟು ವರ್ಷ ಹೊತ್ತಿದ್ದು ನಿಜ ಅಂತ ಕೈಗೆ ಸಿಕ್ಕಾಗ, ಬೈಯೋಕೂ ಮನಸ್ಸು ಬರಲಿಲ್ಲ ನಿನಗೆ. ದೊಡ್ಡ ಮನಸ್ಸು. ನಾನಾಗಿದ್ರೆ ಫೋನ್ ಮಾಡಿ ಕಿವುಡನಿಗೂ ಕೇಳೋ ಹಾಗೆ ಕಿರುಚ್ತಿದ್ದೆ.

ಮೊನ್ನೆ ಊಟದ ಹೊತ್ತಿಗೆ ಮನೆಯವರಿಗೆಲ್ಲ ಹೇಳಿದೆ. ವಿಚಾರಣೆಯಲ್ಲಿ ಸುಳ್ಳು ಸಾಕ್ಷಿ ಹೇಳಿ ಸ್ನೇಹಿತನ ಬಾಳು ಕೆಡಿಸಿದೆ ಅಂತ. ಅಭಿನವ 'ಟೇಪ್ ನನಗೆ ಕೊಡು, ನಾನು ಕೇಳ್ತೀನಿ' ಅಂತ ಬರೆದು ತೋರಿಸಿದ. ಕೊಡಲಿಲ್ಲ. ಬದರಿ ಕೇಳಿದ ಮೇಲೆ ಇನ್ನೊಬ್ಬರು ಕೇಳೋದೇನು ಅಂದೆ. ಅವನು ಅರ್ಧ ಊಟಕ್ಕೆ ತಟ್ಟೆ ಎತ್ಕೊಂಡು ಹೋದ. ಇಶಾ ಮಾತ್ರ ಕೂತಿದ್ದಳು. ನ್ಯಾಪ್ಕಿನ್ ಮೇಲೆ ಬರೆದಳು, 'ಡಿಡ್ ಯು ಲೈ, ಅಜ್ಜ?' ನಾನು ಅದರ ಕೆಳಗೆ 'ಎಸ್' ಅಂತ ಬರೆದೆ. ಅವಳು ಅದನ್ನ ಮಡಿಸಿ ಜೇಬಿಗೆ ಹಾಕ್ಕೊಂಡಳು. ಎಸೆದಿದ್ದರೆ ಚೆನ್ನಾಗಿತ್ತು.

ಇದರ ಜೊತೆಗಿರೋದು ನನ್ನ ಹೇಳಿಕೆ. ಸಹಿ ಹಾಕಿದೀನಿ. ಶೈಲಜಾಗೆ ತೋರಿಸು, ಅಪ್ಪನ ತಪ್ಪಿಲ್ಲ ಅಂತ ಅವಳಿಗೆ ಗೊತ್ತಾಗಲಿ.

ಆಪರೇಷನ್ ಬೇಡ ಅಂತ ಹೇಳಿಬಿಡೋಣ ಅನ್ನಿಸ್ತಿದೆ. ಊಟ ಸೇರ್ತಿಲ್ಲ. ಇನ್ನೈದು ವರ್ಷ ಬದುಕಿ ಯಾರಿಗೆ ಮುಖ ತೋರಿಸ್ಲಿ? ಹತ್ತನೇ ತಾರೀಕು ಸಂಜೆ ಅಡ್ಮಿಟ್ ಮಾಡ್ಕೊಳ್ತಾರೆ. ಅಷ್ಟರೊಳಗೆ ತೀರ್ಮಾನ ಮಾಡ್ತೀನಿ.

ಇನ್ನು ಬರೆಯಲ್ಲ. ಕ್ಷಮಿಸು ಅಂತ ಕೇಳೋ ಹಕ್ಕೂ ನನಗಿಲ್ಲ.

ನಾಣಿ

ಷಾರ್ಲೆಟ್ ಹತ್ರದ ಒಂದು ಮೋಟೆಲ್
ಜನವರಿ ೧೦, ೨೦೨೨, ಬೆಳಿಗ್ಗೆ

ನಾಣಿ,

ನಿನ್ನ ಕಾಗದ ಶನಿವಾರ ಬಂತು. ಭಾನುವಾರ ಹೊರಟ್ವಿ. ಈ ಹೊಸ ಕೋವಿಡ್ ಅಲೆಯಲ್ಲಿ ಫ್ಲೈಟ್ ಬೇಡ ಅಂತ ಶೈಲಜಾ ಡ್ರೈವ್ ಮಾಡ್ತಿದ್ದಾಳೆ. ಸಂಜೆಯೊಳಗೆ ಆಸ್ಪತ್ರೆಗೆ ಬರ್ತೀವಿ. ನನ್ನ ಒಳಗೆ ಬಿಡಲ್ಲ, ಒಬ್ಬರಿಗೆ ಮಾತ್ರ ಅವಕಾಶ ಅಂತೆ. ಇಶಾ ಈ ಕಾಗದ ನಿನ್ನ ಕೈಗೆ ಕೊಡ್ತಾಳೆ. ಅಭಿನವನಿಗೆ ಫೋನ್ ಮಾಡಿ ಹೇಳಿಸಬಹುದಿತ್ತು, ಆದ್ರೆ ಅವನು ಹೇಳಿದರೆ ನೀನು ನಂಬಲ್ಲ. ನನ್ನ ಕೈಬರಹದಲ್ಲೇ ಬೇಕು.

ನಾನು ನಿನಗೆ ಸುಳ್ಳು ಬರೆದೆ.

ಟೇಪಿನಲ್ಲಿ ಇರೋದು ಇದು. ಆರು ಪಿಪ್. ಸುದ್ದಿ ಓದೋನು, ಇವತ್ತಿಂದ ಬೇಸಿಗೆ ಸಮಯ, ಗಡಿಯಾರ ಒಂದು ಗಂಟೆ ಮುಂದೆ ಅಂತಾನೆ. ನೀನು, 'ಬದರಿ, ಕೇಳಿಸ್ತೇನೋ? ಗಡಿಯಾರ ಮುಂದಿಟ್ಕೋ. ಈಗ ಎಂಟು, ಏಳಲ್ಲ' ಅಂತೀಯ. ನಾನು 'ಹೂಂ' ಅಂತೀನಿ. ನೀನು, 'ಹೂಂ ಅಲ್ಲ, ಎದ್ದು ಇಟ್ಕೋ. ನಾನು ಹೊರಟೆ.' ನಾನು, 'ಗೊತ್ತಾಯ್ತು ಹೋಗೋ, ಪ್ರಾಣ ತಿನ್ಬೇಡ.' ಬಾಗಿಲು ಹಾಕಿದ ಸದ್ದು. ಆಮೇಲೆ ಬೆಳಗಿನ ಪ್ರಾರ್ಥನೆ ಬರುತ್ತೆ. ಪಾದ್ರಿ ಲೋಕಕ್ಕೆಲ್ಲ ಶಾಂತಿ ಕೇಳ್ತಿದ್ದಾನೆ, ಹಿಂದೆ ನನ್ನ ಗೊರಕೆ. ನಲವತ್ತು ನಿಮಿಷ ನಾಣಿ. ಪೂರ್ತಿ ಕೇಳಿದೆ.

ನನಗೆ ನೆನಪಿಲ್ಲ, ಆಣೆ ಮಾಡಿ ಹೇಳ್ತೀನಿ, ಒಂದಕ್ಷರ ನೆನಪಿಲ್ಲ. ನಿದ್ದೆಗಣ್ಣಲ್ಲಿ ಅಂದದ್ದು. ಆದ್ರೆ ಧ್ವನಿ ನನ್ನದೇ. ಕೇಳಿದ ಮೇಲೆ ನಾಲ್ಕು ದಿನ ರೂಮು ಬಿಟ್ಟು ಬರಲಿಲ್ಲ. ನೀನು ಸುಳ್ಳ ಅನ್ನೋದೊಂದನ್ನ ಹಿಡ್ಕೊಂಡು ಅರವತ್ತು ವರ್ಷ ಬದುಕಿದೋನು ನಾನು. ಅದನ್ನ ಬಿಟ್ಟರೆ ಆ ಕಂಡಕ್ಟರ್ ಸತ್ತದ್ದು ನನ್ನಿಂದ. ಬೇರೆ ಯಾರೂ ಇಲ್ಲ. ಅದಕ್ಕೇ ಹಾಗೆ ಬರೆದೆ. ನಿನಗೆ ಆಗೋದು ಆಗಲಿ ಅಂತಲೇ ಬರೆದೆ, ಅದನ್ನೂ ಮುಚ್ಚಿಡಲ್ಲ. ಸಮಾಧಾನಕ್ಕೆ ಸುಳ್ಳು ಹೇಳಲ್ಲ ಅಂತ ನನ್ನ ನಂಬಿದೆ ನೀನು. ನಿನ್ನ ಚುಚ್ಚೋಕೆ ಹೇಳ್ತೀನಿ ಅಂತ ನಿನಗೆ ಹೊಳೆಯಲೇ ಇಲ್ಲ. ಇಶಾ ಬರೆದದ್ದು ಓದಿದ ಮೇಲೆ ನನಗೆ ನನ್ನ ಮುಖ ನೋಡ್ಕೊಳ್ಳೋಕಾಗ್ತಿಲ್ಲ.

ಶೈಲಜಾಗೆ ಎಲ್ಲ ಹೇಳಿದೆ. ನಿನ್ನ ಹೇಳಿಕೆ ಹರಿದು ಹಾಕಿದೀನಿ. ಅಭಿನವನಿಗೆ, ಇಶಾಗೆ ಪಾರ್ಕಿಂಗ್ ಲಾಟಿನಲ್ಲಿ ನಿಂತು ನಾನೇ ಹೇಳ್ತೀನಿ, ಅವರು ಎಷ್ಟು ಸಲ ಕೇಳಿದ್ರೆ ಅಷ್ಟು ಸಲ.

ನೀನು ಹೇಳಿದ್ದೆ. ಎರಡು ಸಲ ಹೇಳಿದ್ದೆ. ಆಪರೇಷನ್ ಮಾಡಿಸ್ಕೋ ನಾಣಿ, ನಿನ್ನ ಕಾಲು ಹಿಡೀತೀನಿ.

ಬದರಿ

ಆಸ್ಪತ್ರೆಯಿಂದ
ಜನವರಿ ೧೧, ೨೦೨೨, ಬೆಳಿಗ್ಗೆ ಆರೂವರೆ

ಬದರಿ,

ಅರ್ಧ ಗಂಟೆಯಲ್ಲಿ ಕರ್ಕೊಂಡು ಹೋಗ್ತಾರೆ. ಕೈಗೆ ಸೂಜಿ ಚುಚ್ಚಿದ್ದಾರೆ, ಅಕ್ಷರ ಸೊಟ್ಟಗಾದ್ರೆ ಬೈಬೇಡ. ನಿನ್ನ ಕಾಗದ ಮೂರು ಸಲ ಓದಿದೆ. ನೀನು ಇಶಾಗೆ ಹೇಳಿದ್ದೂ ಗೊತ್ತಾಯ್ತು, ಅವಳು ಬಂದು ಏನೂ ಬರೆಯದೆ ನನ್ನ ಕಾಲ ಹತ್ರ ಕೂತು ಅತ್ತಳು.

ಅರವತ್ತು ವರ್ಷ ನನ್ನ ಸುಳ್ಳ ಅಂದ್ಕೊಂಡೆಯಲ್ಲ, ಅದನ್ನ ಕ್ಷಮಿಸಿದೀನಿ. ನಿದ್ದೆಯಲ್ಲಿ ಅಂದದ್ದು ಯಾರಿಗೆ ನೆನಪಿರುತ್ತೆ? ಬಾಗಿಲು ಹಾಕೋ ಮುಂಚೆ ನಾನೂ ನಿನ್ನ ಎಬ್ಬಿಸಿ ಕೂರಿಸ್ಬೇಕಿತ್ತು. ಆ ಕಂಡಕ್ಟರ್ ನಮ್ಮಿಬ್ಬರ ಪಾಲಿಗೂ ಇದ್ದಾನೆ, ನೀನೊಬ್ಬನೇ ಹೊರಬೇಡ.

ಆದ್ರೆ ಈ ಮೂರು ವಾರ ಇದೆಯಲ್ಲ, ಅದನ್ನ ಕ್ಷಮಿಸಿಲ್ಲ. ಮೊಮ್ಮಗಳ ಎದುರಿಗೆ ನನ್ನ ಕೈಯಿಂದಲೇ ಬರೆಸಿಬಿಟ್ಟೆ ನೀನು. ಅದಕ್ಕೆ ಹೊಟ್ಟೆ ತುಂಬಾ ಬೈಯೋದಿದೆ, ಕಾಗದದಲ್ಲಿ ಬೈದ್ರೆ ನನಗೆ ಸಾಲಲ್ಲ. ನಾನು ಆಚೆ ಬರೋವರೆಗೆ ಆ ಪಾರ್ಕಿಂಗ್ ಲಾಟ್ ಬಿಟ್ಟು ಒಂದು ಹೆಜ್ಜೆ ಅಲ್ಲಾಡಿದ್ರೆ ನೋಡು.

ನಾಣಿ